ತಲೆಭಾರದ ಕಷಾಯದಲ್ಲಿ ಹಿಪ್ಪಲಿ ಎಲ್ಲಿ ಹೋಯ್ತು?

ಮಳೆ ಹಿಡಿದರೆ ಮೂಗು ಕಟ್ಟಿ ಹುಬ್ಬಿನ ಮೇಲೆ ತಲೆ ಸಿಡಿಯೋದು ನಮಗೆ ಹೊಸದಲ್ಲ. ಸೈನಸ್ ಅನ್ನೋ ಹೆಸರು ಈಚಿನದು, ಮದ್ದು ಹಳೇದು: ಶುಂಠಿ, ಕಾಳುಮೆಣಸು, ಹಿಪ್ಪಲಿ. ಆಯುರ್ವೇದದ ತ್ರಿಕಟು ಅಂದ್ರೆ ಇದೇ. ಖಾರಕ್ಕೆ ಮೂಗಿನ ನೀರು ಇಳಿದು ಸ್ವಲ್ಪ ಹೊತ್ತು ಹಗುರ ಅನ್ಸುತ್ತೆ.

ಹಿಪ್ಪಲಿ ಒಂದು ಕಾಲಕ್ಕೆ ಭಾರಿ ದುಬಾರಿ. ಒಂದನೇ ಶತಮಾನದಲ್ಲಿ ರೋಮಿನ ಪ್ಲಿನಿ ದರ ಬರೆದಿಟ್ಟಿದ್ದಾನೆ: ಪೌಂಡಿಗೆ ಕಾಳುಮೆಣಸು 4 ಬೆಳ್ಳಿ ನಾಣ್ಯ, ಹಿಪ್ಪಲಿ 15! 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಲ್ಲಿ ಮೆಣಸಿನಕಾಯಿ ಬಂತು. ಅಗ್ಗದ ಖಾರ ಸಿಕ್ಕಮೇಲೆ ಹಿಪ್ಪಲಿ ಅಡುಗೆಮನೆ ಬಿಟ್ಟು ಗ್ರಂಧಿಗೆ ಅಂಗಡಿ ಸೇರ್ತು.

ಜ್ವರ, ಕಣ್ಣಿನ ಸುತ್ತ ಊತ ಇದ್ರೆ ಕಷಾಯ ಅಂತ ಕೂರಬೇಡಿ, ಡಾಕ್ಟರ ಹತ್ರ ಹೋಗಿ. ತೋಟದ ಕಳೆ ತೆಗೆಸುವಾಗ ಹಿಪ್ಪಲಿ ಬಳ್ಳಿ ಕಂಡ್ರೆ ಕತ್ತಿ ಹಾಕಿಸಬೇಡಿ. ನನಗೂ ಎರಡು ತುಂಡು ಬೇಕು.