ಮೂರು ಸಲ ನಡೆದು ಹೋದ ನ್ಯೂಯಾರ್ಕ್

ಮುಷ್ಕರ ಅಂದರೆ ಸಾಕು, ಬಸ್ಸು-ರೈಲನ್ನೇ ನಂಬಿಕೊಂಡವರ ಬಾಯಲ್ಲಿ ಬರುವ ಮಾತು ಎಲ್ಲ ಊರಲ್ಲೂ ಒಂದೇ. "ಇವರಿಗೇನು ಕಮ್ಮಿಯಾಗಿದೆ? ಜಗಳ ಇರೋದು ಮೇಲಿನವರ ಹತ್ತಿರ, ಮಧ್ಯದಲ್ಲಿ ನಮ್ಮನ್ಯಾಕೆ ಸಾಯಿಸ್ತಾರೆ?" ಈ ಸಿಟ್ಟು ಸುಳ್ಳು ಅಂತ ನಾನು ಹೇಳೋದಿಲ್ಲ. ದಿನಗೂಲಿಗೆ ಹೋಗೋನಿಗೆ ಒಂದು ದಿನ ಬಸ್ಸು ತಪ್ಪಿದರೆ ಅವತ್ತಿನ ದುಡ್ಡು ಹೋಯಿತು, ಅಷ್ಟೇ. ಅವನಿಗೆ ಕಾರ್ಮಿಕ ಚಳುವಳಿಯ ಪಾಠ ಹೇಳಿದರೆ ಬೈಸಿಕೊಳ್ಳಬೇಕಾಗುತ್ತೆ.

ಆದರೆ ಈ ಸಿಟ್ಟಿಗೂ ಒಂದು ಇತಿಹಾಸ ಇದೆ. ಅದನ್ನು ನೋಡೋಕೆ ನ್ಯೂಯಾರ್ಕ್ ಬಹಳ ಒಳ್ಳೆಯ ಊರು. 1966, 1980 ಮತ್ತು 2005 - ಈ ಮೂರು ಸಲ ಅಲ್ಲಿನ ಸಬ್‌ವೇ ಮತ್ತು ಬಸ್ಸು ಒಟ್ಟಿಗೆ ನಿಂತು, ಇಡೀ ಊರು ಕಾಲ್ನಡಿಗೆಗೆ ಬಿತ್ತು. ಮೂರು ಸಲವೂ ಯೂನಿಯನ್ ಅದೇ, ಟ್ರಾನ್ಸ್‌ಪೋರ್ಟ್ ವರ್ಕರ್ಸ್ ಯೂನಿಯನ್. ಮೂರು ಸಲವೂ ಮುಷ್ಕರ ಕಾನೂನಿಗೆ ವಿರುದ್ಧವಾಗಿತ್ತು. ಮೂರು ಸಲವೂ ಜನ ಶಾಪ ಹಾಕಿದರು. ಹಾಗಿದ್ದರೂ ಅವರು ಯಾಕೆ ಮಾಡಿದರು? ಈ ಪ್ರಶ್ನೆ ಹಿಡಿದುಕೊಂಡು ಹಿಂದೆ ಹಿಂದೆ ಹೋದೆ.

ಹಿಂದೆ ಹೋದರೆ 1934 ಸಿಗುತ್ತೆ. ಆಗ ಬಹುಪಾಲು ಸಬ್‌ವೇ ಓಡಿಸುತ್ತಿದ್ದದ್ದು ಖಾಸಗಿ ಕಂಪನಿಗಳು. ಟಿಕೆಟ್ ಕೊಡುವವನು ದಿನಕ್ಕೆ ಹನ್ನೆರಡು ಗಂಟೆ, ವಾರಕ್ಕೆ ಏಳೂ ದಿನ ಕೂರುವುದು ಮಾಮೂಲು. ಕೆಲಸಗಾರರಲ್ಲಿ ಬಹಳ ಜನ ಐರ್ಲೆಂಡಿನಿಂದ ಬಂದವರು. ಯಾರು ಯೂನಿಯನ್ ಮಾತಾಡ್ತಾರೆ ಅಂತ ಕಂಡುಹಿಡಿಯೋಕೆ ಕಂಪನಿಗಳು ಗೂಢಚಾರರನ್ನೇ ಇಟ್ಟಿದ್ದವು. ಸಿಕ್ಕಿಬಿದ್ದರೆ ಮಾರನೇ ದಿನ ಕೆಲಸ ಇಲ್ಲ. ಹಾಗಾಗಿ ಯೂನಿಯನ್ ಕಟ್ಟಿದವರು ಸಣ್ಣ ಸಣ್ಣ ಗುಂಪುಗಳಲ್ಲಿ ಗುಟ್ಟಾಗಿ ಸೇರುತ್ತಿದ್ದರು. ಬ್ರಿಟಿಷರ ವಿರುದ್ಧ ಐರಿಷ್ ದಂಗೆಕೋರರು ಬಳಸಿದ್ದ ಉಪಾಯವೇ ಇದು! ಯೂನಿಯನ್ನಿನ ಹೆಸರನ್ನೂ ಡಬ್ಲಿನ್ನಿನ ಸಾರಿಗೆ ಕಾರ್ಮಿಕರ ಸಂಘದಿಂದಲೇ ತಂದಿದ್ದು. ಇವರಲ್ಲಿ ಮುಂದಾಳಾಗಿ ಬಂದವನು ಮೈಕ್ ಕ್ವಿಲ್. ಐರ್ಲೆಂಡಿನ ಕೆರ್ರಿ ಸೀಮೆಯವನು, 1926ರಲ್ಲಿ ಅಮೆರಿಕಾಕ್ಕೆ ಬಂದು ಸಬ್‌ವೇ ಬೂತಿನಲ್ಲಿ ಕೂತಿದ್ದವನು. 1937ರ ಜನವರಿಯಲ್ಲಿ ಬ್ರೂಕ್ಲಿನ್ನಿನ ಕೆಂಟ್ ಅವೆನ್ಯೂ ವಿದ್ಯುತ್ ಸ್ಥಾವರದಲ್ಲಿ ಯೂನಿಯನ್ ಪರವಾಗಿದ್ದವರನ್ನು ಕೆಲಸದಿಂದ ತೆಗೆದಾಗ, ಉಳಿದ ಕೆಲಸಗಾರರು ಸ್ಥಾವರದ ಒಳಗೇ ಕೂತುಬಿಟ್ಟರು. ತೆಗೆದವರನ್ನು ಕಂಪನಿ ವಾಪಸ್ ತೆಗೆದುಕೊಳ್ಳಬೇಕಾಯಿತು. ಆಮೇಲೆ ಸಾವಿರಾರು ಜನ ಯೂನಿಯನ್ ಸೇರಿದರು.

ಅಲ್ಲಿಗೆ ಕತೆ ಸರಳವಾಗಿತ್ತು. ಈ ಕಡೆ ಕಂಪನಿ, ಆ ಕಡೆ ಕೆಲಸಗಾರ. 1940ರಲ್ಲಿ ನಗರವೇ ಖಾಸಗಿ ಕಂಪನಿಗಳನ್ನು ಕೊಂಡುಕೊಂಡಿತು ನೋಡಿ, ಆಗ ಎಲ್ಲ ಗೋಜಲಾಯಿತು. ಈಗ ಧಣಿ ಯಾರು? ಸಾರ್ವಜನಿಕರು! ಟಿಕೆಟ್ ಕೊಳ್ಳುವವನೇ ಮಾಲೀಕ, ತೆರಿಗೆ ಕಟ್ಟುವವನೂ ಅವನೇ, ಮತ ಹಾಕುವವನೂ ಅವನೇ. 1904ರಿಂದ ಐದು ಸೆಂಟ್ ಇದ್ದ ಸಬ್‌ವೇ ದರ 1948ರ ತನಕ ಹಾಗೇ ಇತ್ತು. ಏರಿಸಿದರೆ ಚುನಾವಣೆಯಲ್ಲಿ ಗತಿ ಏನು ಅಂತ ರಾಜಕಾರಣಿಗಳಿಗೆ ಹೆದರಿಕೆ. ದರ ಏರಿಸಬಾರದು, ಸಂಬಳ ಏರಿಸಬೇಕು, ರೈಲೂ ಚೆನ್ನಾಗಿರಬೇಕು... ಈ ಲೆಕ್ಕ ಯಾವ ಗಣಿತದಲ್ಲೂ ಕೂಡುವುದಿಲ್ಲ. ಕಾರ್ಖಾನೆಯ ಮುಷ್ಕರದಲ್ಲಿ ಧಣಿಗೆ ನಷ್ಟ. ಇಲ್ಲಿ ರೈಲು ನಿಂತರೆ ಮೇಲೆ ಕೂತ ಅಧಿಕಾರಿಗೆ ಏನೂ ಆಗುವುದಿಲ್ಲ, ಪ್ಲಾಟ್‌ಫಾರಂ ಮೇಲೆ ನಿಂತವನಿಗೆ ಆಗುತ್ತೆ. ಸಾರಿಗೆ ಮುಷ್ಕರದ ಸಂಕಟವೆಲ್ಲ ಇದೇ ಅಂತ ನನಗನ್ನಿಸುತ್ತೆ. ಯೂನಿಯನ್ ಬಿಗಿಯಬಲ್ಲ ಹಗ್ಗ ಒಂದೇ, ಅದು ಬಡ ಪ್ರಯಾಣಿಕನ ಕುತ್ತಿಗೆಗೆ ಸುತ್ತಿಕೊಂಡಿರುತ್ತೆ.

ಮೇಯರ್ ರಾಬರ್ಟ್ ವ್ಯಾಗ್ನರ್ ಇದ್ದಷ್ಟು ದಿನ ಇದೊಂದು ನಾಟಕದ ತರಹ ನಡೆಯುತ್ತಿತ್ತು. ಒಪ್ಪಂದ ಮುಗಿಯುವ ಹೊತ್ತಿಗೆ ಕ್ವಿಲ್ ಗುಡುಗುವುದು, ಊರು ಹೆದರುವುದು, ಕೊನೇ ರಾತ್ರಿ ಇಬ್ಬರೂ ರಾಜಿಯಾಗುವುದು. 1966ರ ಜನವರಿ 1ಕ್ಕೆ ಹೊಸ ಮೇಯರ್ ಬಂದರು, ಜಾನ್ ಲಿಂಡ್ಸೆ. ಚಂದದ ಮುಖ, ಯೇಲ್ ವಿಶ್ವವಿದ್ಯಾಲಯದ ಓದು, ಹಳೇ ನಾಟಕದಲ್ಲಿ ಪಾತ್ರ ಮಾಡಲು ಇಷ್ಟವಿಲ್ಲ. ಅವರ ಅಧಿಕಾರದ ಮೊದಲ ದಿನವೇ, ಬೆಳಗಿನ ಜಾವ ಐದು ಗಂಟೆಗೆ, ರೈಲು ಬಸ್ಸು ಎಲ್ಲ ನಿಂತವು. ಕ್ವಿಲ್ ಬೇಕಂತಲೇ ಮೇಯರ್ ಹೆಸರನ್ನು ತಪ್ಪಾಗಿ 'ಲಿಂಜ್ಲಿ' ಅನ್ನುತ್ತಿದ್ದ. ಕೋರ್ಟಿನ ಆದೇಶವನ್ನು ಕ್ಯಾಮೆರಾಗಳ ಎದುರೇ ಹರಿದು ಹಾಕಿದ. ಜನವರಿ 4ಕ್ಕೆ ಅವನನ್ನೂ ಜೊತೆಗಿದ್ದ ನಾಯಕರನ್ನೂ ಜೈಲಿಗೆ ಹಾಕಿದರು. ಮೊದಲೇ ಹೃದಯದ ಕಾಯಿಲೆಯವನು, ಜೈಲಿನಲ್ಲೇ ಕುಸಿದು ಬಿದ್ದು ಆಸ್ಪತ್ರೆ ಸೇರಿದ.

ಹನ್ನೆರಡು ದಿನ ಹೀಗೇ ನಡೆಯಿತು. ಮೇಯರ್ ತಾವೂ ಹೋಟೆಲಿನಿಂದ ಕಚೇರಿಗೆ ನಡೆದೇ ಹೋದರು. ಕಾರುಗಳು ರಸ್ತೆ ತುಂಬಾ ಸಿಕ್ಕಿಹಾಕಿಕೊಂಡವು. ಕೊನೆಗೆ ಗಂಟೆಗೆ 3.18 ಡಾಲರ್ ಇದ್ದ ಕೂಲಿ ನಾಲ್ಕು ಡಾಲರ್ ದಾಟುವ ಒಪ್ಪಂದವಾಯಿತು, ಪೆನ್ಶನ್ನೂ ಸುಧಾರಿಸಿತು. ಕ್ವಿಲ್ ಗೆದ್ದ. ಗೆದ್ದು ಎರಡೇ ವಾರಕ್ಕೆ, ಜನವರಿ 28ರಂದು ಸತ್ತ. ಅದೇ ಜುಲೈನಲ್ಲಿ ಸಬ್‌ವೇ ದರ 15 ಸೆಂಟಿನಿಂದ 20 ಸೆಂಟಿಗೆ ಏರಿತು. ಜನ ಯಾರನ್ನು ಬೈದಿರಬಹುದು ಅಂತ ಬೇರೆ ಹೇಳಬೇಕಿಲ್ಲ ತಾನೇ?

ಇದರಲ್ಲೊಂದು ತಮಾಷೆ ಇದೆ. ಸರ್ಕಾರಿ ನೌಕರ ಮುಷ್ಕರ ಮಾಡಿದರೆ ಕೆಲಸದಿಂದ ತೆಗೆಯಬೇಕು ಅಂತ ನ್ಯೂಯಾರ್ಕ್ ರಾಜ್ಯದಲ್ಲಿ 1947ರಿಂದಲೇ ಕಾನೂನಿತ್ತು. ಕಾಂಡನ್-ವಾಡ್ಲಿನ್ ಕಾಯ್ದೆ ಅಂತ. ಆದರೆ ಮೂವತ್ತು ಸಾವಿರಕ್ಕೂ ಹೆಚ್ಚು ಜನರನ್ನು ತೆಗೆದರೆ ಮಾರನೇ ದಿನ ರೈಲು ಓಡಿಸೋರು ಯಾರು? ಕಾನೂನನ್ನು ಜಾರಿ ಮಾಡುವ ಬದಲು, ಮುಷ್ಕರ ಮಾಡಿದ ಸಾರಿಗೆ ನೌಕರರಿಗೆ ಶಾಸನಸಭೆ ವಿನಾಯಿತಿ ಕೊಡಬೇಕಾಯಿತು! ಜಾರಿ ಮಾಡಲಾಗದಷ್ಟು ಕಠಿಣವಾದ ಕಾನೂನು ಕಾನೂನೇ ಅಲ್ಲ ಅನ್ನೋದು ಆಗ ಎಲ್ಲರಿಗೂ ಅರ್ಥವಾಯಿತು.

ಅದರ ಜಾಗಕ್ಕೆ 1967ರಲ್ಲಿ ಬಂದದ್ದು ಟೇಲರ್ ಕಾನೂನು. ಇದು ಜಾಣ ಕಾನೂನು. ನೌಕರರಿಗೆ ಸಂಘ ಕಟ್ಟುವ, ಕೂತು ಚೌಕಾಸಿ ಮಾಡುವ ಹಕ್ಕು ಕೊಟ್ಟಿತು. ಆದರೆ ಮುಷ್ಕರ ಮಾಡಿದರೆ ಆ ದಿನದ ಸಂಬಳ ಹೋಗುತ್ತೆ, ಅದರ ಮೇಲೆ ಇನ್ನೊಂದು ದಿನದ ಸಂಬಳ ದಂಡವಾಗಿ ಹೋಗುತ್ತೆ. ಯೂನಿಯನ್ನಿಗೆ ಬೇರೆ ದಂಡ, ಜೊತೆಗೆ ಸಂಬಳದಿಂದಲೇ ಚಂದಾ ಹಿಡಿದುಕೊಡುವ ಸೌಲಭ್ಯವೂ ರದ್ದಾಗಬಹುದು. ಕೆಲಸ ಹೋಗೋದಿಲ್ಲ, ಜೇಬು ಖಾಲಿಯಾಗುತ್ತೆ.

1980ರ ಏಪ್ರಿಲ್ 1ರಂದು ಎರಡನೇ ಸಲ ನಿಂತಾಗ ಬೆಲೆ ಏರಿಕೆ ಎರಡಂಕಿ ಮುಟ್ಟಿತ್ತು. ಹನ್ನೊಂದು ದಿನ ನಡೆಯಿತು. ಮೇಯರ್ ಎಡ್ ಕಾಚ್ ಬ್ರೂಕ್ಲಿನ್ ಸೇತುವೆಯ ಹತ್ತಿರ ನಿಂತು ನಡೆದು ಬರುವವರನ್ನು ಹುರಿದುಂಬಿಸಿದರು, ಅದರಲ್ಲೇ ಜನಪ್ರಿಯರಾದರು. ಆಫೀಸಿಗೆ ಹೋಗುವ ಹೆಂಗಸರು ಓಡುವ ಬೂಟು ಹಾಕಿಕೊಂಡು, ಹೀಲ್ಡ್ ಚಪ್ಪಲಿಯನ್ನು ಚೀಲದಲ್ಲಿಟ್ಟುಕೊಂಡು ನಡೆದದ್ದು ಆಗಲೇ. ನೌಕರರಿಗೆ ಮೊದಲ ವರ್ಷ ನೂರಕ್ಕೆ ಒಂಬತ್ತು, ಎರಡನೇ ವರ್ಷ ಎಂಟು ಏರಿಕೆ ಸಿಕ್ಕಿತು, ಟೇಲರ್ ಕಾನೂನಿನ ದಂಡವೂ ಬಿತ್ತು. ಜನರಿಗೆ ದರ 50 ಸೆಂಟಿನಿಂದ 60 ಆಯಿತು. ಮುಖ್ಯವಾಗಿ ಬದಲಾದದ್ದು ಒಂದು: ಇನ್ನು ಮುಂದೆ ಮುಷ್ಕರವನ್ನು ಎದುರಿಸಿ ನಿಲ್ಲುವುದೇ ಮೇಯರ್‌ಗೆ ಲಾಭ ಅಂತ ರಾಜಕಾರಣಿಗಳು ಕಲಿತರು.

ಮೂರನೆಯದನ್ನು ಹೇಳುವ ಮೊದಲು 2002ರ ಒಂದು ಸಂಗತಿ ಹೇಳಬೇಕು. ಆ ಹೊತ್ತಿಗೆ ಐರಿಷ್ ಜನರ ಜಾಗದಲ್ಲಿ ಕರಿಯರು, ಕೆರಿಬಿಯನ್ ದ್ವೀಪಗಳಿಂದ ಬಂದವರು, ಲ್ಯಾಟಿನ್ ಅಮೆರಿಕಾದವರು, ನಮ್ಮ ಕಡೆಯವರು ತುಂಬಿದ್ದರು. ಯೂನಿಯನ್ನಿನ ಮುಖ್ಯಸ್ಥ ರೋಜರ್ ಟೂಸಾಂಟ್ ಟ್ರಿನಿಡಾಡಿನಲ್ಲಿ ಹುಟ್ಟಿ, ಹಳಿ ಕೆಲಸ ಮಾಡಿ ಮೇಲೆ ಬಂದವರು. 2002ರ ನವೆಂಬರಿನಲ್ಲಿ ಎರಡೇ ದಿನದಲ್ಲಿ ಇಬ್ಬರು ಕೆಲಸಗಾರರು ಹಳಿಯ ಮೇಲೆ ರೈಲಿಗೆ ಸಿಕ್ಕಿ ಸತ್ತರು. ಇಬ್ಬರೂ ಕೇರಳ ಮೂಲದವರು. ಅಮೆರಿಕಾದ ಭಾರತೀಯರು ಅಂದ ಕೂಡಲೇ ನಮಗೆ ಸಾಫ್ಟ್‌ವೇರು, ಡಾಕ್ಟರು ನೆನಪಾಗುತ್ತಾರೆ. ಸುರಂಗದೊಳಗೆ ಸಿಗ್ನಲ್ ರಿಪೇರಿ ಮಾಡುವ ಮಲಯಾಳಿಗಳು ನೆನಪಾಗುವುದಿಲ್ಲ. ಇದನ್ನು ಓದುವ ತನಕ ನನಗೂ ಅವರು ನೆನಪಾಗಿರಲಿಲ್ಲ.

2005ರ ಡಿಸೆಂಬರ್ 20, ಬೆಳಗಿನ ಜಾವ ಮೂರು ಗಂಟೆ. ಕ್ರಿಸ್ಮಸ್ ಹತ್ತಿರ, ಮೈ ಕೊರೆಯುವ ಚಳಿ, ದಿನಕ್ಕೆ ಸುಮಾರು ಎಪ್ಪತ್ತು ಲಕ್ಷ ಸವಾರಿಯ ವ್ಯವಸ್ಥೆ ನಿಂತಿತು. 96ನೇ ಬೀದಿಯಿಂದ ಕೆಳಗಿನ ಮ್ಯಾನ್‌ಹಟನ್ನಿಗೆ ಬೆಳಗ್ಗೆ ಹೋಗಬೇಕಾದರೆ ಕಾರಿನಲ್ಲಿ ನಾಲ್ಕು ಜನ ಇರಲೇಬೇಕು ಅಂತ ನಿಯಮ ಬಂತು. ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಬ್ರೂಕ್ಲಿನ್ ಸೇತುವೆ ನಡೆದು ದಾಟಿದರು, ಯೂನಿಯನ್ ನಾಯಕರ ನಡತೆ ರೌಡಿತನ ಅಂದರು. ಬಹುಪಾಲು ಕರಿಯರೂ ವಲಸಿಗರೂ ಇರುವ ಯೂನಿಯನ್ನಿಗೆ ಆ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಕಾನೂನಿಗಿಂತ ನ್ಯಾಯ ದೊಡ್ಡದು ಅಂತ ಟೂಸಾಂಟ್ ರೋಸಾ ಪಾರ್ಕ್ಸ್ ಹೆಸರೆತ್ತಿ ಉತ್ತರ ಕೊಟ್ಟರು.

ಜಗಳ ಯಾವುದಕ್ಕೆ ಗೊತ್ತಾ? ಸಂಬಳಕ್ಕಿಂತ ಹೆಚ್ಚಾಗಿ ಪೆನ್ಶನ್ನಿಗೆ. ಅದೂ ತಮ್ಮ ಪೆನ್ಶನ್ ಅಲ್ಲ! 25 ವರ್ಷ ದುಡಿದರೆ 55ಕ್ಕೆ ನಿವೃತ್ತಿ, ಅದಕ್ಕೆ ಸಂಬಳದ ಶೇಕಡಾ 2 ಕಟ್ಟಬೇಕು ಅಂತಿತ್ತು. ಮುಂದೆ ಸೇರುವವರು ಮೊದಲ ಹತ್ತು ವರ್ಷ ಶೇಕಡಾ 6 ಕಟ್ಟಲಿ ಅಂತ ಸಾರಿಗೆ ಪ್ರಾಧಿಕಾರ ಕೇಳಿತು. ಆ ವರ್ಷ ಪ್ರಾಧಿಕಾರದ ಹತ್ತಿರ ಸುಮಾರು ನೂರು ಕೋಟಿ ಡಾಲರ್ ಮಿಗಿತಾಯವಿತ್ತು, ಹಬ್ಬದ ವಾರಾಂತ್ಯಗಳಲ್ಲಿ ಟಿಕೆಟ್ಟಿಗೆ ರಿಯಾಯಿತಿಯನ್ನೂ ಕೊಟ್ಟಿತ್ತು. ಇನ್ನೂ ಕೆಲಸಕ್ಕೇ ಸೇರದವರಿಗಾಗಿ, ಮುಖ ನೋಡದವರಿಗಾಗಿ, ಈಗಿರುವವರು ಎರಡೆರಡು ದಿನದ ಸಂಬಳ ಕಳೆದುಕೊಂಡು ಚಳಿಯಲ್ಲಿ ನಿಂತರು. ಇದನ್ನು ಓದಿದಾಗ ನನ್ನ ಮನಸ್ಸು ಸ್ವಲ್ಪ ಬದಲಾಯಿತು ನಿಜ.

ಆದರೆ ಇನ್ನೊಂದು ಕಡೆಯನ್ನೂ ನೋಡಬೇಕಲ್ಲ. ಆ ಮೂರು ದಿನ ಹೆಚ್ಚು ಸೋತವರು ಯಾರು? ಮನೆಯಿಂದಲೇ ಕೆಲಸ ಮಾಡಬಲ್ಲ ಬ್ಯಾಂಕಿನವರಲ್ಲ. ಬ್ರಾಂಕ್ಸಿನಿಂದ, ಕ್ವೀನ್ಸಿನಿಂದ ಬಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಗಂಟೆ ಲೆಕ್ಕದ ಕೂಲಿಯವರು. ಪೆನ್ಶನ್ ಎಂಬ ಪದವೇ ಇಲ್ಲದ ಬದುಕಿನವರು. 55ಕ್ಕೆ ಪೆನ್ಶನ್ ಅಂತ ಕೇಳಿದರೆ ಅವರ ಹೊಟ್ಟೆ ಉರಿಯದೇ ಇರುತ್ತಾ? 'ನನಗಿಲ್ಲದ್ದು ಅವನಿಗ್ಯಾಕೆ' ಅನ್ನೋ ಈ ಸಿಟ್ಟು 'ಅವನಿಗಿರೋದು ನನಗ್ಯಾಕಿಲ್ಲ' ಅಂತ ತಿರುಗೋದು ಬಹಳ ಅಪರೂಪ. ತಿರುಗಿಸಬೇಕಾದ ಕೆಲಸ ಯೂನಿಯನ್ನಿನದು. ಅದನ್ನು ಮುಷ್ಕರದ ದಿನ ಶುರು ಮಾಡಿದರೆ ಆಗೋದಿಲ್ಲ, ಹತ್ತು ವರ್ಷ ಮೊದಲೇ ಮಾಡಿರಬೇಕು.

ದಿನಕ್ಕೆ ಹತ್ತು ಲಕ್ಷ ಡಾಲರ್ ದಂಡ ಬಿತ್ತು. ಅಮೆರಿಕಾ ಮಟ್ಟದ ಮಾತೃಸಂಘವೇ ಮುಷ್ಕರ ಬೇಡ ಅಂದಿತ್ತು. ಡಿಸೆಂಬರ್ 22ಕ್ಕೆ ವಾಪಸ್ ಬಂದರು. ಪೆನ್ಶನ್ ಬೇಡಿಕೆಯನ್ನು ಪ್ರಾಧಿಕಾರ ಬಿಟ್ಟಿತು, ಬದಲಿಗೆ ಎಲ್ಲರೂ ಆರೋಗ್ಯ ವಿಮೆಗೆ ಸಂಬಳದ ಶೇಕಡಾ 1.5 ಕಟ್ಟಬೇಕಾಯಿತು. 2006ರ ಜನವರಿಯಲ್ಲಿ ಸದಸ್ಯರ ಮತಕ್ಕೆ ಹಾಕಿದರೆ, ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಮತಗಳಲ್ಲಿ ಒಪ್ಪಂದ ಬಿದ್ದುಹೋಯಿತು, ಬರೀ ಏಳು ಮತದಿಂದ! ಏಪ್ರಿಲಿನಲ್ಲಿ ಟೂಸಾಂಟ್ ಕೆಲವು ದಿನ ಜೈಲಿನಲ್ಲಿದ್ದು ಬಂದರು. ಕೊನೆಗೆ ಮಧ್ಯಸ್ಥಿಕೆಯವರು ವರ್ಷದ ಕೊನೆಯಲ್ಲಿ ಹೆಚ್ಚು ಕಡಿಮೆ ಅದೇ ಒಪ್ಪಂದವನ್ನೇ ಕೊಟ್ಟರು. 2007ರಲ್ಲಿ ಸಂಬಳದಿಂದ ಚಂದಾ ಹಿಡಿಯುವುದನ್ನು ನಿಲ್ಲಿಸಿದಾಗ, ತಾವಾಗಿ ಬಂದು ಚಂದಾ ಕಟ್ಟದ ಸದಸ್ಯರು ಬಹಳ ಜನ. ಅಂದರೆ ಬೇಸರ ಹೊರಗಿನವರಿಗಷ್ಟೇ ಅಲ್ಲ, ಒಳಗಿನವರಿಗೂ ಇತ್ತು.

ಇನ್ನೂ ಹುಟ್ಟದ ನೌಕರರ ಪೆನ್ಶನ್ ಏನಾಯಿತು? 2012ರಲ್ಲಿ ರಾಜ್ಯದ ಶಾಸನಸಭೆ ಹೊಸ ಪೆನ್ಶನ್ ಕಾನೂನು ತಂದಿತು. ಹೊಸದಾಗಿ ಸೇರುವವರು ಸಂಬಳಕ್ಕೆ ತಕ್ಕಂತೆ ಶೇಕಡಾ 6ರ ತನಕ ಕಟ್ಟುವಂತಾಯಿತು. 55ಕ್ಕೆ ನಿವೃತ್ತಿ ಮಾತ್ರ ಉಳಿಯಿತು. ಅವತ್ತು ಒಂದು ರೈಲೂ ನಿಲ್ಲಲಿಲ್ಲ, ಯಾವ ಪ್ರಯಾಣಿಕನಿಗೂ ಸಿಟ್ಟು ಬರಲಿಲ್ಲ, ಯಾರೂ ಯಾರನ್ನೂ ರೌಡಿ ಅನ್ನಲಿಲ್ಲ.

ನನ್ನನ್ನು ಕಾಡುವುದು ಇದೇ. ಮುಷ್ಕರದಿಂದ ಆಗುವ ತೊಂದರೆ ಕಣ್ಣಿಗೆ ಕಾಣುತ್ತೆ, ಅದರ ದಿನ ಎಣಿಸಬಹುದು: ಹನ್ನೆರಡು, ಹನ್ನೊಂದು, ಮೂರು. ಮುಷ್ಕರ ಇಲ್ಲದೆ ಕೈತಪ್ಪುವುದನ್ನು ಎಣಿಸೋಕೆ ಯಾರೂ ಸೇತುವೆಯ ಮೇಲೆ ನಿಂತಿರುವುದಿಲ್ಲ. ಪ್ರಯಾಣಿಕನ ಸಿಟ್ಟು ನ್ಯಾಯವಾದದ್ದೇ. ಅದು ಮುಷ್ಕರ ಶುರುವಾದ ದಿನ ಹುಟ್ಟಿ ಮುಗಿದ ದಿನ ಸಾಯುತ್ತಲ್ಲ, ನನ್ನ ತಕರಾರು ಅಷ್ಟಕ್ಕೇ. ನಿಮ್ಮ ಅನುಭವ ಬೇರೆ ಇದ್ದರೆ ಖಂಡಿತಾ ಬರೆಯಿರಿ, ಜಗಳ ಆಡೋಣ :-)