ಸಾರ್ವತ್ರಿಕ ಆರೋಗ್ಯ ಸೇವೆ: ಭಾರತದಲ್ಲಿ ಹಣಕಾಸಿನ ಚರ್ಚೆ

ಕೈಯಲ್ಲಿ ಹಣವಿರಲಿ ಇಲ್ಲದಿರಲಿ, ಪ್ರತಿಯೊಬ್ಬರಿಗೂ ಅಗತ್ಯ ಚಿಕಿತ್ಸೆ ದೊರಕಿಸುವ ವ್ಯವಸ್ಥೆಯನ್ನು ಸಾರ್ವತ್ರಿಕ ಆರೋಗ್ಯ ಸೇವೆ ಎನ್ನುತ್ತಾರೆ. ಇಂಥದ್ದು ಬೇಕೇ ಬೇಡವೇ ಎಂಬ ವಾದ ಭಾರತದಲ್ಲಿ ನಡೆದದ್ದು ಕಡಿಮೆ. ಖರ್ಚನ್ನು ಯಾರು ಹೊರಬೇಕು, ಆ ಹಣ ಸರ್ಕಾರಿ ಆಸ್ಪತ್ರೆ ಕಟ್ಟಲು ಹೋಗಬೇಕೋ ಖಾಸಗಿ ಆಸ್ಪತ್ರೆಯ ಬಿಲ್ಲು ತೀರಿಸಲು ಹೋಗಬೇಕೋ ಎಂಬುದರ ಸುತ್ತಲೇ ಚರ್ಚೆ ಬೆಳೆದಿದೆ.

ಅದರ ಮೂಲ ದಾಖಲೆ ಭೋರ್ ಸಮಿತಿಯ ವರದಿ. 1943ರಲ್ಲಿ ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯಲ್ಲಿ ನೇಮಕವಾದ ಈ ಸಮಿತಿ 1946ರಲ್ಲಿ ವರದಿ ಒಪ್ಪಿಸಿತು. ಸದ್ಯಕ್ಕೆ ಸೇವೆ ಎಲ್ಲರಿಗೂ ಉಚಿತವಾಗಿರಲಿ, ಉಳ್ಳವರು ತಮ್ಮ ಪಾಲನ್ನು ತೆರಿಗೆಯ ಮೂಲಕ ಕೊಡಲಿ ಎಂಬುದು ಅದರ ನಿಲುವು. ಮೊದಲ ಹಂತದಲ್ಲಿ 40,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಮುಂದೆ 10,000ದಿಂದ 20,000 ಜನರಿಗೆ 75 ಹಾಸಿಗೆಗಳ ಆಸ್ಪತ್ರೆ ಎಂದು ಅದು ಯೋಜಿಸಿತು. ಆ ಎರಡನೆಯ ಹಂತ ಇಂದಿಗೂ ಕಾಗದದ ಮೇಲೆಯೇ ಇದೆ.

ಸ್ವಾತಂತ್ರ್ಯಾನಂತರ ಕಾರ್ಖಾನೆ ಕಾರ್ಮಿಕರಿಗೆ ಬೇರೆ ದಾರಿ ತೆರೆಯಿತು. 1948ರ ಇಎಸ್‌ಐ ಕಾಯ್ದೆಯಡಿ ಮಾಲೀಕರು ಮತ್ತು ನೌಕರರು ಸಂಬಳದ ಲೆಕ್ಕದಲ್ಲಿ ವಂತಿಗೆ ಕಟ್ಟುವ ಯೋಜನೆ 1952ರಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಆರಂಭವಾಯಿತು. ಕೇಂದ್ರ ಸರ್ಕಾರಿ ನೌಕರರಿಗೆ 1954ರಲ್ಲಿ ಪ್ರತ್ಯೇಕ ಯೋಜನೆ ಬಂತು. ದನಿಯೆತ್ತಬಲ್ಲ ವರ್ಗಗಳಿಗೆ ಹೀಗೆ ಬೇರೆಯೇ ಬಾಗಿಲು ಸಿಕ್ಕ ಮೇಲೆ, ಎಲ್ಲರ ಆಸ್ಪತ್ರೆಗಾಗಿ ಪಟ್ಟು ಹಿಡಿಯುವವರು ಕಡಿಮೆಯಾದರು. ಸಂವಿಧಾನದ ಪ್ರಕಾರ ಆಸ್ಪತ್ರೆಗಳ ಹೊಣೆ ರಾಜ್ಯಗಳದ್ದು. ದೊಡ್ಡ ಆದಾಯ ತರುವ ತೆರಿಗೆಗಳು ಬಹುಮಟ್ಟಿಗೆ ಕೇಂದ್ರದವು. ಈ ತೊಡಕೂ ಸೇರಿಕೊಂಡಿತು. 1990ರ ದಶಕದಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಬಳಕೆದಾರರ ಶುಲ್ಕ ಬಂತು. ಬಡವರಿಗೆ ವಿನಾಯಿತಿ ಇತ್ತಾದರೂ ಬಡತನಕ್ಕೆ ಪುರಾವೆ ತೋರಿಸಬೇಕಿತ್ತು.

ಮುಂದಿನ ತಿರುವು ಕರ್ನಾಟಕದ ಯಶಸ್ವಿನಿ. ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿ ಅವರ ಪ್ರೇರಣೆಯಿಂದ ರೂಪುಗೊಂಡು 2003ರಲ್ಲಿ ಜಾರಿಯಾದ ಈ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯನಾದ ರೈತ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ, ಪಟ್ಟಿಯಲ್ಲಿದ್ದ ಆಸ್ಪತ್ರೆಯಲ್ಲಿ ನಗದಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬಹುದಿತ್ತು. ವಿಮಾ ಕಂಪನಿಯ ಬದಲು ಒಂದು ಟ್ರಸ್ಟ್ ಹಣ ನಿರ್ವಹಿಸಿತು. ಸರ್ಕಾರವೂ ಒಂದಿಷ್ಟು ಕೊಟ್ಟಿತು. ಖಾಸಗಿ ಆಸ್ಪತ್ರೆಗಳಲ್ಲಿ ಖಾಲಿ ಬಿದ್ದಿದ್ದ ಹಾಸಿಗೆಗಳನ್ನು ನಿಗದಿತ ಪ್ಯಾಕೇಜ್ ದರಕ್ಕೆ ತುಂಬಿಸುವ ಜಾಣತನ ಅದರ ಬೆನ್ನೆಲುಬು. ಆದರೆ ಕಂತು ಏರಿದಾಗ ಸದಸ್ಯರು ಕಡಿಮೆಯಾದರು. ಸ್ವಇಚ್ಛೆಯ ವಂತಿಗೆಯ ಮಿತಿ ಅಲ್ಲಿ ಕಂಡಿತು. 2018ರಲ್ಲಿ ನಿಂತ ಯೋಜನೆಗೆ 2022ರಲ್ಲಿ ಮರುಜೀವ ಬಂತು.

2010ರಲ್ಲಿ ಉತ್ತರ ಕರ್ನಾಟಕದಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀಯಲ್ಲಿ ಬಿಪಿಎಲ್ ಕುಟುಂಬಗಳು ಕಂತನ್ನೇ ಕಟ್ಟಬೇಕಿರಲಿಲ್ಲ. ಪೂರ್ತಿ ಖರ್ಚು ಸರ್ಕಾರದ್ದು. ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದುಬಾರಿ ಚಿಕಿತ್ಸೆಗಳು ಇದರಡಿ ಬಂದವು. ಯೋಜನೆ ಬಂದಿದ್ದ ಮತ್ತು ಇನ್ನೂ ಬಾರದಿದ್ದ ಪ್ರದೇಶಗಳ ಗಡಿಯುದ್ದಕ್ಕೂ ಇದ್ದ ಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಈ ಕಾಯಿಲೆಗಳಿಂದಾಗುವ ಸಾವು ಬಡ ಕುಟುಂಬಗಳಲ್ಲಿ ಶೇ. 64ರಷ್ಟು ಕಡಿಮೆ ಎಂದು ಅದು ತೋರಿಸಿತು. ಕೇಂದ್ರದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ (2008) ಕುಟುಂಬಕ್ಕೆ 30,000 ರೂಪಾಯಿ ಮಿತಿಯದ್ದಾಗಿದ್ದು, ಜನರ ಕೈಖರ್ಚನ್ನು ಹೇಳಿಕೊಳ್ಳುವಷ್ಟು ತಗ್ಗಿಸಲಿಲ್ಲ.

ವಿಮೆಯ ಕಡೆಗೆ ಹೊರಳಿದ ಈ ನಡೆಗೆ ಬಲವಾದ ಪ್ರತಿವಾದ ಬಂದದ್ದು ಯೋಜನಾ ಆಯೋಗ ನೇಮಿಸಿದ, ಡಾ. ಕೆ. ಶ್ರೀನಾಥ ರೆಡ್ಡಿ ಅಧ್ಯಕ್ಷತೆಯ ತಜ್ಞರ ತಂಡದಿಂದ. 2011ರ ಅದರ ವರದಿ ಸಾಮಾನ್ಯ ತೆರಿಗೆಯೇ ಮುಖ್ಯ ಮೂಲವಾಗಬೇಕು, ಬಳಕೆದಾರರ ಶುಲ್ಕ ಹೋಗಬೇಕು, ಸರ್ಕಾರಿ ವೆಚ್ಚ 2022ರೊಳಗೆ ಜಿಡಿಪಿಯ ಶೇ. 3ಕ್ಕೆ ಏರಬೇಕು ಎಂದಿತು. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರ ಹೊತ್ತಿಗೆ ಶೇ. 2.5 ಎಂಬ ಗುರಿಗೆ ತೃಪ್ತಿಪಟ್ಟಿತು. 2021–22ರಲ್ಲಿ ವೆಚ್ಚ ಶೇ. 1.84.

2018ರ ಆಯುಷ್ಮಾನ್ ಭಾರತ್ ಎರಡೂ ಕಡೆಯವರನ್ನು ಸಮಾಧಾನಪಡಿಸಲು ನೋಡಿತು: ಒಂದೆಡೆ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳು, ಇನ್ನೊಂದೆಡೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆ. ಹೆಚ್ಚಿನ ರಾಜ್ಯಗಳಲ್ಲಿ ಖರ್ಚನ್ನು ಕೇಂದ್ರ ಮತ್ತು ರಾಜ್ಯ 60:40ರಂತೆ ಹಂಚಿಕೊಳ್ಳುತ್ತವೆ. ಕರ್ನಾಟಕ ಇದನ್ನು ತನ್ನದೇ ಆದ ‘ಆರೋಗ್ಯ ಕರ್ನಾಟಕ’ ಯೋಜನೆಯೊಡನೆ ಜೋಡಿಸಿತು. ಇಲ್ಲಿ ರೋಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಮಾತ್ರ ರೆಫರಲ್ ಚೀಟಿ ಹಿಡಿದು ಖಾಸಗಿಗೆ. ತುರ್ತು ಸಂದರ್ಭಕ್ಕೆ ವಿನಾಯಿತಿಯಿದೆ. ಚೀಟಿಗಾಗಿ ಓಡಾಡುವ ರೋಗಿಗಳಿಗೆ ಇದು ಕಿರಿಕಿರಿ. ಸರ್ಕಾರಿ ಆಸ್ಪತ್ರೆಯ ಹಣ ಸೋರದಂತೆ ತಡೆಯುವ ಒಡ್ಡೂ ಹೌದು.

ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ಹಾಕುವ ಪಾಲು 2013–14ರಲ್ಲಿ ಶೇ. 64.2 ಇದ್ದದ್ದು 2021–22ರಲ್ಲಿ ಶೇ. 39.4ಕ್ಕೆ ಇಳಿದಿದೆ ಎಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. ಆದರೆ ಆಸ್ಪತ್ರೆಗೆ ದಾಖಲಾದರೆ ಸಿಗುವ ವಿಮೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ತಿಂಗಳು ತಿಂಗಳೂ ಕೊಳ್ಳುವ ಮಾತ್ರೆಯ ಖರ್ಚನ್ನು ಭರಿಸುವುದಿಲ್ಲ ಎಂಬುದು ಟೀಕಾಕಾರರ ಮುಖ್ಯ ಆಕ್ಷೇಪ.

ಇತ್ತೀಚಿನ ಹೊಸ ಪ್ರಯೋಗ ರಾಜಸ್ಥಾನದ್ದು. 2023ರ ಮಾರ್ಚ್‌ನಲ್ಲಿ ಅಲ್ಲಿನ ವಿಧಾನಸಭೆ ಆರೋಗ್ಯದ ಹಕ್ಕಿನ ಮಸೂದೆಯನ್ನು ಅಂಗೀಕರಿಸಿತು. ಮುಂಗಡ ಕೇಳದೆ ತುರ್ತು ಚಿಕಿತ್ಸೆ ಕೊಡುವ ಹೊಣೆ ಖಾಸಗಿ ಆಸ್ಪತ್ರೆಗಳ ಮೇಲೂ ಬಿತ್ತು. ಆ ಹಣವನ್ನು ಯಾರು, ಯಾವಾಗ ತುಂಬಿಕೊಡುತ್ತಾರೆ ಎಂದು ಕೇಳಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು. 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಗಳನ್ನು ಕಾಯ್ದೆಯಿಂದ ಹೊರಗಿಡಲು ಸರ್ಕಾರ ಒಪ್ಪಿದ ಮೇಲೆ, ಏಪ್ರಿಲ್ ಆರಂಭದಲ್ಲಿ, ಮುಷ್ಕರ ಕೊನೆಗೊಂಡಿತು.