ಹಂಪಿ, ಹೊಸಪೇಟೆಯ ಬಾನಂಚು: ಎತ್ತರದ ಕಟ್ಟಡಗಳು ಬೆಳೆದ ಬಗೆ

ಹಂಪಿ, ಹೊಸಪೇಟೆ, ಸಂಡೂರು, ಕಂಪ್ಲಿಗಳ ಸೀಮೆಯಲ್ಲಿ ಎತ್ತರವೆಂದರೆ ಮೊದಲು ಬೆಟ್ಟ. ಹಂಪಿಯ ಸುತ್ತ ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂತಿರುವ ಗ್ರಾನೈಟ್ ಗುಡ್ಡಗಳಿವೆ. ಅವುಗಳಲ್ಲಿ ಮಾತಂಗ ಪರ್ವತವೇ ಎತ್ತರದ್ದು. ದಕ್ಷಿಣಕ್ಕೆ ಸಂಡೂರಿನ ಕಬ್ಬಿಣದ ಅದಿರಿನ ಬೆಟ್ಟಸಾಲು ಗೋಡೆಯಂತೆ ಹಬ್ಬಿದೆ. ತುಂಗಭದ್ರೆ ಈಶಾನ್ಯಕ್ಕೆ ಸಾಗಿ ಕಂಪ್ಲಿ ತಲುಪುವ ಹೊತ್ತಿಗೆ ಗುಡ್ಡಗಳು ಹಿಂದೆ ಸರಿದು ಭತ್ತದ ಗದ್ದೆ, ಕಬ್ಬಿನ ತೋಟಗಳ ಬಯಲು ತೆರೆದುಕೊಳ್ಳುತ್ತದೆ. ಇಂಥ ನೆಲದಲ್ಲಿ ಮನುಷ್ಯ ಏನನ್ನೇ ಎತ್ತರವಾಗಿ ಕಟ್ಟಿದರೂ ಅದು ಬೆಟ್ಟದ ಪಕ್ಕದಲ್ಲೇ ನಿಂತು ಕಾಣಬೇಕು. ಆರೇಳು ಶತಮಾನಗಳಲ್ಲಿ ಹಾಗೆ ಎದ್ದು ನಿಂತವು ಗೋಪುರ, ಅಣೆಕಟ್ಟು, ಕುಲುಮೆ, ಚಿಮಣಿ, ಧ್ವಜಸ್ತಂಭ. ಇವುಗಳಲ್ಲಿ ಒಂದೂ ಜನ ವಾಸಿಸಲೆಂದು ಕಟ್ಟಿದ್ದಲ್ಲ. ಮುಂಬಯಿ, ಬೆಂಗಳೂರುಗಳಲ್ಲಿ ನೆಲದ ಬೆಲೆ ಏರಿದಂತೆ ಮನೆಗಳು ಮೇಲಕ್ಕೆ ಬೆಳೆದವು. ಇಲ್ಲಿ ಎತ್ತರ ಬೆಳೆದದ್ದು ಬೇರೆ ಕಾರಣಗಳಿಗೆ.

ಈ ಕಥೆಯ ಹಳೆಯ ಪುಟ ಹೇಮಕೂಟದ ಇಳಿಜಾರಿನಲ್ಲಿದೆ. ಅಲ್ಲಿನ ಗುಡಿಗಳ ಶಿಖರಗಳು ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತ ಹೋಗುವ, ಪೂರ್ತಿ ಕಲ್ಲಿನ ಗಿಡ್ಡ ಶಿಖರಗಳು. ಅವುಗಳಲ್ಲೊಂದು ತ್ರಿಕೂಟವನ್ನು ಕಟ್ಟಿಸಿದವನು ಮುಮ್ಮಡಿ ಸಿಂಗೆಯ ನಾಯಕನ ಮಗ ವೀರ ಕಂಪಿಲದೇವನೆಂದು ಶಾಸನ ಹೇಳುತ್ತದೆ. ಕಂಪ್ಲಿಯ ಹೆಸರಿನೊಂದಿಗೆ ಬೆಸೆದುಕೊಂಡ ಅವನ ಪುಟ್ಟ ರಾಜ್ಯ ದೆಹಲಿಯ ಸುಲ್ತಾನರ ದಾಳಿಗೆ 1327ರ ಸುಮಾರಿಗೆ ಬಿತ್ತು. ಕಂಪಿಲನ ಮಗ ಕುಮಾರರಾಮನ ಕಥೆಯಾಗಿ ಅದು ಜನರ ನಾಲಿಗೆಯಲ್ಲಿ ಉಳಿದಿದೆ. ಕಂಪಿಲನ ಕಾಲದ ಗುಡಿಗಳು ಬಂಡೆಗಳ ನಡುವೆ ಬಂಡೆಗಳಂತೆಯೇ ಕೂತಿವೆ. ದೂರದಿಂದ ಕಾಣಬೇಕೆಂಬ ಆಸೆ ಅವುಗಳಲ್ಲಿ ಇಲ್ಲ.

ಆ ಆಸೆ ಹುಟ್ಟಿದ್ದು ವಿಜಯನಗರದ ಅರಸರ ಕಾಲದಲ್ಲಿ. ತಮಿಳು ನಾಡಿನ ದೇವಾಲಯಗಳಲ್ಲಿ ಗರ್ಭಗುಡಿಯ ಶಿಖರಕ್ಕಿಂತ ಹೆಬ್ಬಾಗಿಲ ಗೋಪುರವೇ ಎತ್ತರವಾಗುವ ಪದ್ಧತಿ ಆಗಲೇ ಬೇರೂರಿತ್ತು. ವಿಜಯನಗರ ಅದನ್ನು ತುಂಗಭದ್ರೆಯ ದಡಕ್ಕೆ ತಂದು ತನ್ನದಾಗಿಸಿಕೊಂಡಿತು. ವಿರೂಪಾಕ್ಷ ದೇವಾಲಯದ ಪೂರ್ವದ ಮಹಾದ್ವಾರ, ಜನರ ಬಾಯಲ್ಲಿ ಬಿಷ್ಟಪ್ಪಯ್ಯನ ಗೋಪುರ, ಒಂಬತ್ತು ಅಂತಸ್ತಿನದು. ಎತ್ತರ ಸುಮಾರು 50 ಮೀಟರ್. ಇಮ್ಮಡಿ ದೇವರಾಯನ ಅಧಿಕಾರಿ ಪ್ರೋಲುಗಂಟಿ ತಿಪ್ಪ 15ನೇ ಶತಮಾನದಲ್ಲಿ ಇದನ್ನು ಕಟ್ಟಿಸಿದನೆನ್ನುತ್ತಾರೆ. ಒಳಗಿನ ರಾಯಗೋಪುರ ಇದಕ್ಕಿಂತ ಗಿಡ್ಡ. ಅದನ್ನೂ ರಂಗಮಂಟಪವನ್ನೂ ಕೃಷ್ಣದೇವರಾಯ 1510ರಲ್ಲಿ ತನ್ನ ಪಟ್ಟಾಭಿಷೇಕದ ನೆನಪಿಗೆ ಕಟ್ಟಿಸಿದ. ಹದಿನೈದು ಮೀಟರ್ ದಾಟಿದ ಕಟ್ಟಡವನ್ನು ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಬಹುಮಹಡಿ ಕಟ್ಟಡವೆಂದು ಎಣಿಸುತ್ತದೆ. ಆ ಲೆಕ್ಕಕ್ಕೆ ಬಿಷ್ಟಪ್ಪಯ್ಯನ ಗೋಪುರ ಅದರ ಮೂರು ಪಟ್ಟಿಗೂ ಹೆಚ್ಚು.

ಅಷ್ಟು ಎತ್ತರ ಸಾಧ್ಯವಾದದ್ದು ಎರಡು ಬಗೆಯ ಸಾಮಗ್ರಿಯಿಂದ. ಬುಡ ಗ್ರಾನೈಟ್, ಮೇಲಿನ ಅಂತಸ್ತುಗಳೆಲ್ಲ ಇಟ್ಟಿಗೆ ಮತ್ತು ಗಾರೆ. ಇಡೀ ಗೋಪುರವನ್ನು ಕಲ್ಲಿನಲ್ಲಿ ಏರಿಸಿದ್ದರೆ ತನ್ನ ಭಾರವನ್ನು ತಾನೇ ತಾಳುವುದು ಕಷ್ಟವಿತ್ತು, ಕಲ್ಲನ್ನು ಮೇಲಕ್ಕೆ ಸಾಗಿಸುವ ಕೆಲಸವೂ ಹಲವು ಪಟ್ಟು ಹೆಚ್ಚುತ್ತಿತ್ತು. ಇಟ್ಟಿಗೆ ಹಗುರ, ಮನುಷ್ಯನ ತಲೆಯ ಮೇಲೆ ಬುಟ್ಟಿಯಲ್ಲಿ ಏರುವಂಥದ್ದು. ಮೇಲಿನ ಗಾರೆಯಲ್ಲಿ ದೇವತೆಗಳನ್ನೂ ದ್ವಾರಪಾಲಕರನ್ನೂ ಮೂಡಿಸುವುದು ಕಲ್ಲಿನ ಕೆತ್ತನೆಗಿಂತ ಬೇಗ ಆಗುತ್ತದೆ. ಬುಡದ ಕಲ್ಲು ಬಂದದ್ದು ಸುತ್ತಲ ಬಂಡೆಗಳಿಂದಲೇ. ಹಂಪಿಯ ಗುಡ್ಡಗಳಲ್ಲಿ ಅಡ್ಡಾಡುವವರಿಗೆ ಇಂದಿಗೂ ಕಾಣುತ್ತವೆ: ಬಂಡೆಯ ಮೈಮೇಲೆ ಗೇಣಿಗೊಂದರಂತೆ ಸಾಲಾಗಿ ಕೊರೆದ ಚೌಕದ ಬೆಣೆಗುಳಿಗಳು. ಕೆಲವು ಕಡೆ ಆ ಸಾಲಿನ ಗುಂಟ ಬಂಡೆ ನೇರವಾಗಿ ಸೀಳಿ ಅರ್ಧ ಹೋಗಿದೆ. ಕೆಲವು ಕಡೆ ಗುಳಿ ತೋಡಿ ಬಿಟ್ಟದ್ದು ಹಾಗೇ ಇದೆ. ವಿರೂಪಾಕ್ಷ ಗುಡಿಯಲ್ಲಿ ಇನ್ನೊಂದು ನೋಟವಿದೆ. ಗರ್ಭಗುಡಿಯ ಹಿಂಭಾಗದ ಕತ್ತಲ ಕೋಣೆಗೆ ಗೋಡೆಯ ಕಿಂಡಿಯಿಂದ ಬೆಳಕು ಬಿದ್ದು, ಎದುರು ಗೋಡೆಯ ಮೇಲೆ ಗೋಪುರದ ನೆರಳು ತಲೆಕೆಳಗಾಗಿ ಮೂಡುತ್ತದೆ. ಬೆಳಕು ನೇರ ಗೆರೆಯಲ್ಲಿ ಸಾಗುತ್ತದೆಂಬುದಕ್ಕೆ ಇದಕ್ಕಿಂತ ಚೆಂದದ ಪಾಠ ಯಾವ ಶಾಲೆಯಲ್ಲೂ ಸಿಗದು.

ಕೃಷ್ಣದೇವರಾಯನ ಕಾಲದಿಂದ ಅಚ್ಯುತರಾಯನ ಕಾಲದವರೆಗೆ ಎತ್ತರದ ಭರಾಟೆ ನಡೆಯಿತು. ಉದಯಗಿರಿ ಗೆಲುವಿನ ನೆನಪಿನ ಕೃಷ್ಣ ದೇವಾಲಯ 1513ರದು. ಅದರ ಗೋಪುರದ ಗಾರೆಯಲ್ಲಿ ಕುದುರೆ, ಆನೆ, ಯೋಧರ ಯುದ್ಧಚಿತ್ರವೇ ಇದೆ. ವಿಠಲ ದೇವಾಲಯದ ಗೋಪುರಗಳು, 1534ರ ತಿರುವೆಂಗಳನಾಥ ಅಂದರೆ ಅಚ್ಯುತರಾಯ ದೇವಾಲಯ, ಇವು ಅದೇ ಸಾಲಿನವು. ಇವುಗಳಲ್ಲೆಲ್ಲ ಬೇರೆಯಾಗಿ ನಿಲ್ಲುವುದು ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯ ಅನಂತಶಯನಗುಡಿ. 1524ರಲ್ಲಿ ಕೃಷ್ಣದೇವರಾಯ ಮಗನ ಹೆಸರಿನಲ್ಲಿ ಸಾಲೆ ತಿರುಮಲ ಮಹಾರಾಯಪುರವೆಂಬ ಊರನ್ನು ನೆಲೆಗೊಳಿಸಿ ಇದನ್ನು ಕಟ್ಟಿಸಿದ. ಮಲಗಿದ ದೇವರಿಗೆ ಗರ್ಭಗುಡಿ ಉದ್ದವಾಗಿರಬೇಕು. ಉದ್ದದ ಗರ್ಭಗುಡಿಯ ಮೇಲೆ ಚೂಪಾದ ಶಿಖರ ಕೂರದು. ಹಾಗಾಗಿ ಇಟ್ಟಿಗೆಯ ದೊಡ್ಡ ಕಮಾನಿನಾಕಾರದ ಮಾಡನ್ನು ಎತ್ತಿ ನಿಲ್ಲಿಸಿದರು. ಒಳಗೆ ನಿಂತು ಕತ್ತೆತ್ತಿದರೆ ವಿಜಯನಗರದ ಕಟ್ಟಡಗಾರರು ಕಮಾನಿನ ಲೆಕ್ಕವನ್ನು ಎಷ್ಟು ಅರಗಿಸಿಕೊಂಡಿದ್ದರೆಂದು ತಿಳಿಯುತ್ತದೆ. ದೇವರ ಮೂರ್ತಿ ಮಾತ್ರ ಇಲ್ಲ. ಹೂವಿನಹಡಗಲಿ ಕಡೆಯ ಹೊಳಲಿನಲ್ಲಿರುವ ಅನಂತಶಯನ ಇಲ್ಲಿಗೆ ಬರಲು ಒಪ್ಪಲಿಲ್ಲವೆಂದು ಜನ ಹೇಳುತ್ತಾರೆ.

ದೇವರ ಬಾಗಿಲು ಮುಗಿಲು ಮುಟ್ಟುತ್ತಿದ್ದಾಗ ಜನರ ಮನೆಗಳು ನೆಲಕ್ಕಂಟಿಯೇ ಇದ್ದವು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಗುಡ್ಡವೊಂದನ್ನು ಹತ್ತಿ ನೋಡಿ, ಬೆಟ್ಟಗಳ ನಡುವೆ ಹರಡಿದ ಈ ಊರು ಪೂರ್ತಿ ಕಾಣದಾದರೂ ಕಂಡಷ್ಟೇ ರೋಮ್‌ನಷ್ಟು ದೊಡ್ಡದೆಂದು ಬರೆದ. ಆ ಹಿರಿಮೆ ಹರಹಿನದು. ಅರಮನೆಗಳ ಕಲ್ಲಿನ ಜಗಲಿಗಳಷ್ಟೇ ಇಂದು ಉಳಿದಿವೆ, ಮೇಲಿನ ಮರದ ಕಟ್ಟಡ ಅಳಿದಿದೆ. ಮಹಾನವಮಿ ದಿಬ್ಬದ ಮೇಲೂ ಮರದ ಮಂಟಪವಿತ್ತು. 1443ರಲ್ಲಿ ಮಹಾನವಮಿ ಹಬ್ಬ ಕಂಡ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಚಿತ್ರಗಳಿಂದ ಅಲಂಕರಿಸಿದ ಹಲವು ಅಂತಸ್ತುಗಳ ಮಂಟಪಗಳನ್ನು ವರ್ಣಿಸಿದ್ದಾನೆ. ಬಳ್ಳಾರಿ ಸೀಮೆಯ ಸಾಮಾನ್ಯ ಮನೆ ಮೊನ್ನೆಮೊನ್ನೆಯವರೆಗೂ ಮಾಳಿಗೆ ಮನೆಯೇ: ತೊಲೆ, ಜಂತೆಗಳ ಮೇಲೆ ಮಣ್ಣು ಬಡಿದ ಮಟ್ಟಸ ಮಾಡು, ನಡುವೆ ಒಂದು ಬೆಳಕಿಂಡಿ. ಬಿಸಿಲು ತಡೆಯಲು ಅದು ಸಾಕು, ಎರಡನೇ ಅಂತಸ್ತು ಹೊರಲು ಸಾಲದು.

ದಖನ್ನಿನ ಸುಲ್ತಾನರೊಂದಿಗಿನ 1565ರ ಯುದ್ಧದ ನಂತರ ನಗರ ಹಾಳಾಯಿತು. ವಿಠಲ ದೇವಾಲಯದಲ್ಲಿ ಬೆಂಕಿಯ ಗುರುತು ಇಂದಿಗೂ ಇದೆ. ಮುಂದಿನ ಹಾನಿ ಮಳೆ ಮತ್ತು ಗಿಡಗಳದ್ದು. ಗೋಪುರವನ್ನು ಎತ್ತರಕ್ಕೇರಿಸಿದ ಇಟ್ಟಿಗೆಯೇ ಅದರ ದೌರ್ಬಲ್ಯವೂ ಆಯಿತು: ಗಾರೆ ಕಳಚಿದ ಕಡೆ ನೀರು ಇಳಿಯುತ್ತದೆ, ಸಂದಿಯಲ್ಲಿ ಆಲ, ಅರಳಿ ಬೇರು ಬಿಡುತ್ತವೆ, ಅಂತಸ್ತು ಅಂತಸ್ತಾಗಿ ಮೇಲಿನ ಭಾಗ ಉದುರುತ್ತದೆ. ಅಚ್ಯುತರಾಯ ದೇವಾಲಯದ ಗೋಪುರಗಳಲ್ಲಿ ಈಗ ಗಟ್ಟಿಯಾಗಿ ಉಳಿದಿರುವುದು ಕಲ್ಲಿನ ಬುಡ. ಕೃಷ್ಣದೇವರಾಯನೇ ಕಾಳಹಸ್ತಿಯಲ್ಲಿ 1516ರಲ್ಲಿ ಕಟ್ಟಿಸಿದ ರಾಜಗೋಪುರ 2010ರ ಮೇ ತಿಂಗಳಲ್ಲಿ ಒಮ್ಮೆಲೇ ಕುಸಿದದ್ದನ್ನು ನೆನೆದರೆ ಬಿಷ್ಟಪ್ಪಯ್ಯನ ಗೋಪುರದ ಬಾಳಿಕೆ ಆಕಸ್ಮಿಕವಲ್ಲವೆಂದು ತಿಳಿಯುತ್ತದೆ. ವಿರೂಪಾಕ್ಷ ಗುಡಿಯಲ್ಲಿ ಪೂಜೆ ನಿಲ್ಲಲಿಲ್ಲ. ಪೂಜೆ ಇದ್ದಲ್ಲಿ ಸುಣ್ಣ ಬಳಿಯುವವರು, ಗಿಡ ಕೀಳುವವರು ಇರುತ್ತಾರೆ. ಬಳ್ಳಾರಿ ಕಲೆಕ್ಟರ್ ಎಫ್. ಡಬ್ಲ್ಯು. ರಾಬರ್ಟ್‌ಸನ್ 1837ರಲ್ಲಿ ಆ ಗೋಪುರವನ್ನು ದುರಸ್ತಿ ಮಾಡಿಸಿದರು.

ಹಂಪಿಯಲ್ಲಿ ಪಳಗಿದ ರಾಯಗೋಪುರದ ಮಾದರಿ ಮಾತ್ರ ದಕ್ಷಿಣಕ್ಕೆ ಹೋಗಿ ಇನ್ನಷ್ಟು ಬೆಳೆಯಿತು. ಕಂಚಿಯ ಏಕಾಂಬರನಾಥ, ತಿರುವಣ್ಣಾಮಲೈಗಳ ಗೋಪುರಗಳಲ್ಲಿ ಕೃಷ್ಣದೇವರಾಯನ ಕೈ ಇದೆ. ವಿಜಯನಗರದ ಕಾಲದಲ್ಲಿ ಬುಡದಲ್ಲೇ ನಿಂತಿದ್ದ ಶ್ರೀರಂಗದ ರಾಜಗೋಪುರ 1987ರಲ್ಲಿ 70 ಮೀಟರ್ ದಾಟಿ ಪೂರ್ತಿಯಾಯಿತು. ಕರ್ನಾಟಕದಲ್ಲಿ ಮುರುಡೇಶ್ವರದ ರಾಜಗೋಪುರ 2008ರಲ್ಲಿ ಸುಮಾರು 75 ಮೀಟರ್ ಮುಟ್ಟಿತು, ಆದರೆ ಅದು ಕಾಂಕ್ರೀಟಿನದು, ಮೇಲೇರಲು ಲಿಫ್ಟ್ ಇದೆ.

ಹೊಸಪೇಟೆ ಹುಟ್ಟಿದ್ದು ರಾಜಧಾನಿಯ ಬಡಾವಣೆಯಾಗಿ. ಕೃಷ್ಣದೇವರಾಯ ಕಟ್ಟಿಸಿದ ನಾಗಲಾಪುರವನ್ನು ಜನ ಹೊಸ ಪೇಟೆ ಎಂದು ಕರೆದರು, ಆ ಹೆಸರೇ ನಿಂತಿತು. ಮುಂದಿನ ನಾಲ್ಕು ಶತಮಾನ ಅಲ್ಲಿನ ಬಾನಂಚಿನಲ್ಲಿ ಹೇಳುವಂಥ ಬದಲಾವಣೆ ಆಗಲಿಲ್ಲ. 1930ರ ದಶಕದ ಸಕ್ಕರೆ ಕಾರ್ಖಾನೆ ಹೊಗೆಯನ್ನು ತಂದಿತು. ದೊಡ್ಡ ತಿರುವು ಬಂದದ್ದು 1945ರ ಫೆಬ್ರುವರಿ 28ರಂದು, ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಾಗ. ಮದ್ರಾಸ್ ಪ್ರಾಂತ್ಯವೂ ಹೈದರಾಬಾದ್ ಸಂಸ್ಥಾನವೂ ಹೊಳೆಯ ಎರಡು ದಡಗಳಿಂದ ಕೆಲಸ ಆರಂಭಿಸಿದವು. ಮದ್ರಾಸ್ ಕಡೆಯ ಮುಖ್ಯ ಎಂಜಿನಿಯರ್ ತಿರುಮಲೆ ಅಯ್ಯಂಗಾರ್. 1953ರಲ್ಲಿ ಮುಗಿದ ಅಣೆಕಟ್ಟಿನ ಉದ್ದ ಸುಮಾರು ಎರಡೂವರೆ ಕಿಲೋಮೀಟರ್, ಗೇಟುಗಳು 33, ತಳಪಾಯದಿಂದ ಎತ್ತರ 49 ಮೀಟರ್ ಚಿಲ್ಲರೆ. ಬಿಷ್ಟಪ್ಪಯ್ಯನ ಗೋಪುರಕ್ಕೂ ಇದಕ್ಕೂ ಹೆಚ್ಚುಕಡಿಮೆ ಒಂದೇ ಎತ್ತರ. ಹೋಲಿಕೆ ಅಷ್ಟಕ್ಕೇ ನಿಲ್ಲುವುದಿಲ್ಲ: ಗೋಪುರದ ಬುಡದಂತೆ ಅಣೆಕಟ್ಟೂ ಕಲ್ಲಿನದೇ, ಇಟ್ಟಿಗೆ ಪುಡಿ ಬೆರೆತ ಸುರ್ಕಿ ಗಾರೆಯಲ್ಲಿ ಕಟ್ಟಿದ್ದು. ಐನೂರು ವರ್ಷಗಳ ಅಂತರದಲ್ಲಿ ಈ ಸೀಮೆಯ ಎರಡು ದೊಡ್ಡ ಕಟ್ಟಡಗಳು ಹೀಗೆ ಒಂದೇ ಅಳತೆಗೆ, ಹೆಚ್ಚುಕಡಿಮೆ ಒಂದೇ ಜಾತಿಯ ಸಾಮಗ್ರಿಗೆ ಬಂದು ನಿಂತವು. ಅಣೆಕಟ್ಟಿನ ಪ್ರಭಾವ ಕಂಪ್ಲಿಯಲ್ಲಿ ಚೆನ್ನಾಗಿ ಕಾಣುತ್ತದೆ. ಅಲ್ಲಿ ಎತ್ತರದ ಕಟ್ಟಡ ಬರಲಿಲ್ಲ, ಹಸಿರು ಬಂತು. ವಿಜಯನಗರ ಕಾಲದ ಕಾಲುವೆಗಳಿಗೆ ಹೊಸ ನೀರಿನ ಭದ್ರತೆ ಬಂತು. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಹಳೆಯ ಸೇತುವೆಯೇ ಮುಳುಗುತ್ತದೆ. ತಗ್ಗಿನ ಊರಿನ ಬಾಳು ಮೇಲಿನ ಗೋಡೆಗೆ ಎಷ್ಟು ಕಟ್ಟುಬಿದ್ದಿದೆಯೆಂದು ಆಗ ಗೊತ್ತಾಗುತ್ತದೆ.

ಸಂಡೂರಿನ ಬಾನಂಚಿನ ಕಥೆ ತಿರುವುಮುರುವು. ಘೋರ್ಪಡೆ ಮನೆತನದ ಆ ಪುಟ್ಟ ಸಂಸ್ಥಾನದಲ್ಲಿ ಎತ್ತರವೆಲ್ಲ ಬೆಟ್ಟದ್ದೇ. ಕುಮಾರಸ್ವಾಮಿ, ಪಾರ್ವತಿಯರ ಪುರಾತನ ಗುಡಿಗಳು ಸಹ ಬೆಟ್ಟದ ಮಡಿಲಲ್ಲಿ ಅಡಗಿವೆ. ಗಣಿಗಾರಿಕೆ ಅಲ್ಲಿ ಬೆಟ್ಟವನ್ನೇ ತಗ್ಗಿಸಿತು. ಹಸಿರು ಇಳಿಜಾರಿನಲ್ಲಿ ಕೆಂಪು ಮೆಟ್ಟಿಲುಗಳು ಮೂಡಿ, ಕೆಲವು ನೆತ್ತಿಗಳು ಚಪ್ಪಟೆಯಾದವು. ಅದಿರಿನ ಬೆಲೆ ಏರಿದ 2000ದ ದಶಕದಲ್ಲಿ ಇದು ಮಿತಿಮೀರಿ, 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಆಮೇಲೆ ಷರತ್ತುಗಳೊಂದಿಗೆ ಮರಳಿ ಆರಂಭವಾಯಿತು. ಬಾನಂಚಿನ ಚರಿತ್ರೆಯಲ್ಲಿ ಕಟ್ಟಿದ್ದನ್ನಷ್ಟೇ ಲೆಕ್ಕ ಹಿಡಿಯುವುದು ಸರಿಯಲ್ಲ. ಸಾವಿರಾರು ವರ್ಷ ಮಳೆ ಮೋಡಗಳನ್ನು ತಡೆದ ನೆತ್ತಿಯೊಂದು ಇಲ್ಲವಾಗುವುದು ಗೋಪುರ ಬೀಳುವುದಕ್ಕಿಂತ ಸಣ್ಣ ನಷ್ಟವೇನಲ್ಲ, ಮತ್ತು ಅದನ್ನು ಜೀರ್ಣೋದ್ಧಾರ ಮಾಡಲಾಗದು.

ತೆಗೆದ ಅದಿರು ಇದೇ ತಾಲ್ಲೂಕಿನ ತೋರಣಗಲ್ಲಿನಲ್ಲಿ ಬೇರೆ ಎತ್ತರವಾಗಿ ಎದ್ದಿತು. ಅಲ್ಲಿ ಉಕ್ಕಿನ ಕಾರ್ಖಾನೆಗೆ ಪ್ರಧಾನಿ ಇಂದಿರಾ ಗಾಂಧಿ 1971ರಲ್ಲಿ ಅಡಿಗಲ್ಲು ಹಾಕಿದರು. ಕಾರ್ಖಾನೆ ನಿಜವಾಗಿ ತಲೆಯೆತ್ತಿದ್ದು 1994ರಲ್ಲಿ ಜಿಂದಾಲ್ ಸಂಸ್ಥೆ ಕೈಹಾಕಿದ ಮೇಲೆ. ಈಗ ಅದು ದೇಶದ ಅತಿ ದೊಡ್ಡ ಉಕ್ಕಿನ ಸ್ಥಾವರಗಳಲ್ಲೊಂದು. ಊದುಕುಲುಮೆಗಳು, ಸಾಗಣೆ ಪಟ್ಟಿಗಳ ಇಳಿಜಾರು, ಚಿಮಣಿಗಳು, ರಾತ್ರಿ ದೂರಕ್ಕೆ ಕಾಣುವ ಕೆಂಪು ಬೆಳಕು, ಇವೆಲ್ಲ ಸೇರಿ ಬಯಲಿನಲ್ಲಿ ಒಂದು ನಗರದ ರೂಪವನ್ನೇ ತಳೆದಿವೆ. ಅದರಾಚೆ ಬಳ್ಳಾರಿ ದಾರಿಯ ಕುಡಿತಿನಿಯಲ್ಲಿ ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. 500 ಮೆಗಾವಾಟ್ ಮತ್ತು ಅದಕ್ಕೆ ಮೇಲ್ಪಟ್ಟ ಕಲ್ಲಿದ್ದಲು ಘಟಕಗಳ ಚಿಮಣಿ 275 ಮೀಟರ್ ಇರಬೇಕೆಂದು ದೇಶದ ಪರಿಸರ ನಿಯಮಗಳು ವಿಧಿಸಿದ್ದವು, ಹೊಗೆ ನೆಲಕ್ಕಿಳಿಯುವ ಮೊದಲು ಗಾಳಿಯಲ್ಲಿ ಚದುರಲೆಂದು. ಗೋಪುರದ ಎತ್ತರ ಕಣ್ಣು ಸೆಳೆಯಲು. ಚಿಮಣಿಯ ಎತ್ತರ ಉಸಿರಿನಿಂದ ದೂರವಿರಲು.

ಹೊಸಪೇಟೆ ಪಟ್ಟಣ ಮೇಲಕ್ಕೆ ಬೆಳೆದದ್ದು ನಿಧಾನವಾಗಿ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿ ಪ್ರವಾಸಿಗರು ಹೆಚ್ಚಿದರು, ಗಣಿಯ ಹಣ ಹರಿಯಿತು. ಸ್ಟೇಷನ್ ರಸ್ತೆ ಮತ್ತು ಸುತ್ತಮುತ್ತ ಹೋಟೆಲುಗಳು, ವಾಣಿಜ್ಯ ಸಂಕೀರ್ಣಗಳು ಕೆಲವೇ ಅಂತಸ್ತುಗಳಷ್ಟು ಏರಿ ನಿಂತವು. 2011ರ ಜನಗಣತಿಯಲ್ಲಿ ಎರಡು ಲಕ್ಷ ದಾಟಿದ ಊರಿಗೆ ಇದು ಮಿತವಾದ ಬೆಳವಣಿಗೆಯೇ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗಿ ಹೊಸಪೇಟೆ ಜಿಲ್ಲಾ ಕೇಂದ್ರವಾಯಿತು. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಒಂದು ಕಾಲದಲ್ಲಿ ಅಣೆಕಟ್ಟುಗಳಿಗೆ ಗೇಟು ತಯಾರಿಸುತ್ತಿದ್ದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್, ಜನರ ಬಾಯಲ್ಲಿ ಟಿಎಸ್‌ಪಿ, ಮುಚ್ಚಿದ ಮೇಲೆ ಆ ಆವರಣಕ್ಕೆ ಜಿಲ್ಲಾಡಳಿತ ಬಂತು. ಹೊಸ ಜಿಲ್ಲೆಯ ಮೊದಲ ದೊಡ್ಡ ಗುರುತು ಕಟ್ಟಡವಾಗಿರಲಿಲ್ಲ. 2022ರ ಆಗಸ್ಟ್ 15ರಂದು ಪುನೀತ್ ರಾಜ್‌ಕುಮಾರ್ ಜಿಲ್ಲಾ ಕ್ರೀಡಾಂಗಣದಲ್ಲಿ 405 ಅಡಿ, ಅಂದರೆ 123 ಮೀಟರ್ ಎತ್ತರದ ಧ್ವಜಸ್ತಂಭದ ಮೇಲೆ ರಾಷ್ಟ್ರಧ್ವಜ ಹಾರಿತು. ಬೆಳಗಾವಿ ಕೋಟೆ ಕೆರೆಯ 110 ಮೀಟರಿನ ಸ್ತಂಭವನ್ನು ಹಿಂದಿಕ್ಕಿ ಅದು ದೇಶದಲ್ಲೇ ಎತ್ತರದ್ದಾಯಿತು. 2023ರಲ್ಲಿ ಅಟ್ಟಾರಿ ಗಡಿಯ 418 ಅಡಿಯ ಸ್ತಂಭ ಆ ಸ್ಥಾನ ಪಡೆಯಿತು. ಬಿಷ್ಟಪ್ಪಯ್ಯನ ಗೋಪುರವನ್ನು ಎರಡೂವರೆ ಪಟ್ಟು ಮೀರಿಸುವ ಈ ಉಕ್ಕಿನ ಕಂಬ ಎದ್ದ ಮೇಲೆ ಪಟ್ಟಣದ ಬಾನಂಚಿಗೆ ಮೊದಲ ಸಲ ಒಂದು ನಡುಬಿಂದು ಸಿಕ್ಕಿತು. ಇನ್ನೂ ಎತ್ತರದ ಕನಸುಗಳೂ ಇವೆ: ಹಂಪಿ ಬಳಿಯ ಕಿಷ್ಕಿಂಧೆಯಲ್ಲಿ 215 ಮೀಟರಿನ ಹನುಮಂತನ ಪ್ರತಿಮೆಯ ಪ್ರಸ್ತಾವವನ್ನು 2020ರಲ್ಲಿ ಟ್ರಸ್ಟೊಂದು ಮುಂದಿಟ್ಟಿತ್ತು.

ಹಂಪಿಯ ಕಡೆಗೆ ಸರಿದಂತೆ ಎತ್ತರಕ್ಕೆ ಕಾನೂನಿನ ತಡೆ ಬೀಳುತ್ತದೆ. ಆನೆಗೊಂದಿ ಬಳಿಯ ಸೇತುವೆ ಕಾಮಗಾರಿಯೇ ಮುಖ್ಯ ಕಾರಣವಾಗಿ ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು, 2006ರಲ್ಲಿ ತೆಗೆಯಿತು. ಆ ನಡುವೆ ಬಂದದ್ದು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ 2002ರ ಕಾಯ್ದೆ. 41.8 ಚದರ ಕಿಲೋಮೀಟರಿನ ಒಳವಲಯ, ಅದರ ಸುತ್ತ ಇನ್ನಷ್ಟು ವಲಯಗಳು ಪ್ರಾಧಿಕಾರದ ಹಿಡಿತದಲ್ಲಿವೆ. ಈ ಭಾಗದಲ್ಲಿ ಹೊಸದಾಗಿ ಬಂದವು ತಗ್ಗಿನ ಕಟ್ಟಡಗಳು. ಕಮಲಾಪುರದ ಹತ್ತಿರ 1991ರಲ್ಲಿ ಆರಂಭವಾದ ಕನ್ನಡ ವಿಶ್ವವಿದ್ಯಾಲಯದ ಕಲ್ಲಿನ ಕಟ್ಟಡಗಳು ಬಂಡೆಗಳ ಬಣ್ಣದಲ್ಲೇ ಕರಗಿವೆ. ಎತ್ತರವಿಲ್ಲದೆಯೂ ಘನತೆಯಿಂದ ಕಟ್ಟಬಹುದೆಂಬುದಕ್ಕೆ ಈ ಸೀಮೆಯಲ್ಲಿ ಅದಕ್ಕಿಂತ ಒಳ್ಳೆಯ ಸಾಕ್ಷಿ ಕಡಿಮೆ. ಕೇಂದ್ರದ ಸ್ಮಾರಕ ಕಾಯ್ದೆ, 2010ರ ತಿದ್ದುಪಡಿಯಂತೆ, ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ನಿರ್ಮಾಣವನ್ನು ನಿಷೇಧಿಸುತ್ತದೆ, ಅಲ್ಲಿಂದಾಚೆ 200 ಮೀಟರಿಗೆ ಅನುಮತಿ ಬೇಕೆನ್ನುತ್ತದೆ. ಈ ಅಳತೆಗಳೆಲ್ಲ ನೆಲದ ಮೇಲಿನ ದೂರದ ಅಳತೆಗಳು. ಎತ್ತರದ ಕಟ್ಟಡ ಮಾತ್ರ ಹತ್ತಾರು ಮೈಲಿಗೆ ಕಾಣುವಂಥದ್ದು. ಹೊಸಪೇಟೆ ಮುಂದೆ ಮೇಲಕ್ಕೆ ಬೆಳೆಯುವುದಾದರೆ ಹೇಮಕೂಟದಿಂದ, ಮಾತಂಗದ ನೆತ್ತಿಯಿಂದ ನೋಡಿದಾಗ ಯಾವ ದಿಕ್ಕಿನಲ್ಲಿ ಎಷ್ಟು ಎತ್ತರ ಗೋಪುರದ ಹಿಂದೆ ತಲೆ ಹಾಕುತ್ತದೆಂಬ ಲೆಕ್ಕವನ್ನು ನಗರ ಯೋಜನೆಯಲ್ಲಿ ಮೊದಲೇ ಹಾಕಿಕೊಳ್ಳಬೇಕಾಗುತ್ತದೆ.